ಟೀ ಶರ್ಟ್ ಬೇಡ ಅಂದವಳ ಮಾತು

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಕೈಕಾಲು ಆಡಿಸಲು ಸೇರುವ ನಮ್ಮ ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರೂ ಇಲ್ಲ. ಬಂದವರು ಬಂದ ಹಾಗೆ ಸಾಲಿನಲ್ಲಿ ನಿಲ್ಲುವುದು, ಮುಗಿದ ಮೇಲೆ ಚಹಾ ಕುಡಿದು ಅವರವರ ದಾರಿ ಹಿಡಿಯುವುದು. ಈಗ ಗುಂಪಿಗೊಂದು ಟೀ ಶರ್ಟ್ ಬೇಕು ಎಂಬ ಮಾತು ಎದ್ದಿದೆ. ಜೂನ್ 21ರ ಯೋಗ ದಿನ ಎಲ್ಲರೂ ಒಂದೇ ಬಣ್ಣದಲ್ಲಿ ನಿಲ್ಲಬೇಕು, ಎದೆಯ ಮೇಲೆ ಅಲೆಗಳಿಂದ ಮೇಲೇಳುವ ಸೂರ್ಯನ ಚಿತ್ರ ಇರಬೇಕು ಅನ್ನುವುದು ನಮಗೆ ವ್ಯಾಯಾಮ ಹೇಳಿಕೊಡುವ ನೇವಿ ಅಣ್ಣನ ಆಸೆ. ಚಿತ್ರವನ್ನೂ ಮಗನ ಕೈಯಲ್ಲಿ ಮಾಡಿಸಿ ವಾಟ್ಸ್ಆ್ಯಪ್‌ಗೆ ಹಾಕಿದ್ದರು.

“ನಮ್ಮ ಸಮುದ್ರದಲ್ಲಿ ಸೂರ್ಯ ಹುಟ್ಟೂದು ಯಾವಾಗಿಂದ ಶುರುವಾಯ್ತು?” ಎಂದು ಬಾಯೋರು ಕೇಳಿದರು. ಶಾಲೆಯಲ್ಲಿ ಕಲಿಸುವುದು ಬಿಟ್ಟು ವರ್ಷಗಳಾದರೂ ತಪ್ಪು ತಿದ್ದುವ ಅಭ್ಯಾಸ ಬಿಟ್ಟಿಲ್ಲ. “ಸೂರ್ಯ ಬರೂದು ಹಿಂದಿನ ಗುಡ್ಡದಿಂದ. ಸಮುದ್ರಕ್ಕೆ ಇಳಿಯೂದು ಸಂಜೆ. ಈ ಅಂಗಿ ಹಾಕೂದಾದ್ರೆ ನಾವು ಸಂಜೆ ಬರ್ಬೇಕು.”

ನಾನು ಅದರ ಕೆಳಗೆ ‘ನನಗೆ ಟೀ ಶರ್ಟೇ ಬೇಡ’ ಎಂದು ಹಾಕಿದೆ. ಅದು ಹೇಗೋ ದೊಡ್ಡ ಮಾತಾಯಿತು. “ಹೊಲಿಯುವವಳೇ ಬಟ್ಟೆ ಬೇಡ ಅಂದ್ರೆ ಹೇಗೆ ಟೇಲರ್ ಅಕ್ಕ?” ಎಂದು ನೇವಿ ಅಣ್ಣ ಕೇಳಿದರು. ಉತ್ತರ ಮೊಬೈಲಿನಲ್ಲಿ ಎರಡು ಸಾಲು ಒತ್ತಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿರಸಿ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು, ಹೊಲಿಗೆ ಕಲಿತು, ಅಂಗಡಿ ಇಟ್ಟವಳು. ದಿನವಿಡೀ ಮಷಿನ್ ಮುಂದೆ ಬಗ್ಗಿ ಕೂತು ಸೊಂಟ, ಕುತ್ತಿಗೆ ಎರಡೂ ಹಿಡಿದಿದ್ದರಿಂದ ಬೆಳಗಿನ ಗುಂಪಿಗೆ ಸೇರಿದೆ. ಸಾಲಿನಲ್ಲಿ ನಿಂತಾಗ ನನ್ನ ಕಣ್ಣು ಮುಂದಿನವರ ಬೆನ್ನಿನ ಹೊಲಿಗೆಯ ಮೇಲೆಯೇ ಇರುತ್ತದೆ. ಯಾರ ಅಂಗಿಯ ಬಗಲು ಎಲ್ಲಿ ಎಳೆಯುತ್ತದೆ, ಯಾರ ಪೈಜಾಮ ಎಲ್ಲಿ ಬಿಗಿಯುತ್ತದೆ ಎಂದು ನನಗೆ ಗೊತ್ತು. ಯಾರು ಯಾಕೆ ಕೈ ಪೂರ್ತಿ ಎತ್ತುತ್ತಿಲ್ಲ ಅನ್ನುವುದೂ ಎಷ್ಟೋ ಸಲ ಬಟ್ಟೆಯಿಂದಲೇ ಗೊತ್ತಾಗುತ್ತದೆ.

ನಮ್ಮವರ ವೇಷ ಒಮ್ಮೆ ನೋಡಬೇಕು. ಮಾಸ್ತರ್ರು ಬಿಳಿ ಪೈಜಾಮ, ತೋಳಿನ ಬನಿಯನ್. ಬನಿಯನ್ ಮೇಲೆ ಒಂದು ಅಂಗಿ ಹಾಕಿ ಎಂದು ಬಾಯೋರು ಹೇಳಿದರೆ, “ಇದೇ ಬನಿಯನ್ನಿಗೆ ಬಣ್ಣ ಹಾಕಿ ಟೀ ಶರ್ಟ್ ಅಂತ ಮಾರ್ತಾರೆ, ಬಾಯೋರೆ. ನಂದು ಬಣ್ಣ ಹಾಕದ್ದು, ಅಷ್ಟೇ” ಅನ್ನುತ್ತಾರೆ. ಬಾಯೋರು ಯಾವತ್ತೂ ಕಾಟನ್ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ. ಬ್ಯಾಂಕಿನ ಹುಡುಗಿ ಕಪ್ಪು ಲೆಗ್ಗಿಂಗ್ಸ್, ಅದಕ್ಕೊಂದು ಉದ್ದದ ಟಾಪ್. ನೇವಿ ಅಣ್ಣನದು ಇಸ್ತ್ರಿ ಮಾಡಿದ ಚಡ್ಡಿ, ಒಳಗೆ ಸಿಕ್ಕಿಸಿದ ಅಂಗಿ, ಬಿಳಿ ಕಾಲುಚೀಲ. ಇನ್ನು ಮೀನಕ್ಕ. ಬೈತಖೋಲದ ಬಂದರಿಗೆ ಹೋಗಿ ಮೀನು ಕೊಂಡು ಮಾರ್ಕೆಟಿನಲ್ಲಿ ಕೂರುವ ಮುಂಚೆ ಅರ್ಧ ತಾಸು ನಮ್ಮ ಜೊತೆ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ಸಕ್ಕರೆ ಕಾಯಿಲೆ ಇದೆ, ನಡೆಯಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ ಬಂದವಳು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಗ್ಗುವವಳು ಅವಳೇ.

ಇವರೆಲ್ಲರ ನಡುವೆ ಬಟ್ಟೆಯ ಮೇಲೆ ತಮಾಷೆ ನಡೆಯದ ದಿನ ಇಲ್ಲ. ಬ್ಯಾಂಕಿನ ಹುಡುಗಿ ಹೊಸ ಬಣ್ಣದ ಶೂ ಹಾಕಿ ಬಂದರೆ, “ಸಾಲ ಯಾರು ಸ್ಯಾಂಕ್ಷನ್ ಮಾಡಿದ್ರು ಮಗಾ?” ಎಂದು ಮಾಸ್ತರ್ರು. ಮಾಸ್ತರ್ರ ಪೈಜಾಮದ ಲಾಡಿ ಹೊರಗೆ ನೇತಾಡಿದರೆ, “ಸರ್, ನಿಮ್ಮ ಡಾಕ್ಯುಮೆಂಟ್ ಅಪೂರ್ಣ” ಎಂದು ಅವಳು. ಚಳಿಗಾಲದಲ್ಲಿ ನನ್ನ ತಂಗಿ ಶಿರಸಿಯಿಂದ ಬಂದವಳು ಸ್ವೆಟರ್, ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬೀಚಿಗೆ ಬಂದಿದ್ದಳು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಅಲ್ಲಿ ಡಿಸೆಂಬರಿನ ಬೆಳಗಿಗೆ ಅದೇ ಸರಿ. ಇಲ್ಲಿ ಹತ್ತು ನಿಮಿಷಕ್ಕೆ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಳು. “ಘಟ್ಟ ಇಳಿಯುವಾಗ ದೇವಿಮನೆಯಲ್ಲೇ ಇಟ್ಟು ಬರ್ಬೇಕಿತ್ತು ಮಾರಾಯ್ತಿ” ಎಂದು ಬಾಯೋರು ನಕ್ಕರು. ಈ ಮಾತುಗಳಿಂದ ಯಾರ ಮನಸ್ಸೂ ಮುರಿದಿಲ್ಲ. ಯಾರೂ ಯಾರನ್ನೂ ಹೀಗೇ ಬನ್ನಿ ಎಂದು ಕಟ್ಟು ಹಾಕದೆ ಇರುವುದರಿಂದಲೇ ಹೀಗೆ ನಗಲು ಆಗುತ್ತದೆ ಎಂದು ನನಗೆ ಅನಿಸುತ್ತದೆ.

ಒಂದೇ ಟೀ ಶರ್ಟ್ ಬಂದರೆ ಮೊದಲು ಬಿಟ್ಟು ಹೋಗುವವಳು ಮೀನಕ್ಕ. ಅವಳೇ ಹೇಳಿದಳು. “ನಾನು ಅದು ಹಾಕ್ಕೊಂಡು ಮಾರ್ಕೆಟಿಗೆ ಹೋದ್ರೆ ಗಿರಾಕಿ ಮೀನು ನೋಡೂದಿಲ್ಲ, ನನ್ನನ್ನೇ ನೋಡ್ತಾರೆ. ಮನೆಗೆ ಹೋಗಿ ಬದಲಾಯಿಸಿ ಬರೋಕೆ ಹೊತ್ತೆಲ್ಲಿ?” ಆಮೇಲೆ ನಿಧಾನಕ್ಕೆ, “ನೀವೆಲ್ಲ ಹಾಕ್ಕೊಳ್ಳಿ ಬಾಯಿ, ನಾನು ಆಚೆ ನಿಂತು ಮಾಡ್ತೆ” ಅಂದಳು. ಆ ‘ಆಚೆ ನಿಂತು’ ಅನ್ನುವುದು ನನಗೆ ಸಹಿಸಲಾಗಲಿಲ್ಲ. ಸಾಲಿನಲ್ಲಿ ನಿಂತವಳು ಒಂದು ಅಂಗಿಗಾಗಿ ಆಚೆ ಹೋಗಬಾರದು. ನಾನು ಬೇಡ ಅಂದಿದ್ದಕ್ಕೆ ಮುಖ್ಯ ಕಾರಣ ಇದು. ಉಳಿದವು ಹೊಲಿಗೆಯವಳ ಕಾರಣಗಳು.

ಪ್ರಿಂಟಿಂಗ್‌ನವರು ಎರಡು ಮಾದರಿ ಕಳಿಸಿದ್ದರು. ಒಂದು 180 ಜಿಎಸ್‌ಎಂ ಕಾಟನ್ ಹೊಸಿಯರಿ (ಬನಿಯನ್ನಿನಂಥ ಹೆಣೆದ ಬಟ್ಟೆ), ಇನ್ನೊಂದು ತೆಳು ಪಾಲಿಯೆಸ್ಟರಿನ ಡ್ರೈಫಿಟ್. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಹತ್ತಿಯ ನೂಲು ಒಣಗಿದಂತೆ ಕಂಡಾಗಲೂ ಗಾಳಿಯಿಂದ ತನ್ನ ತೂಕದ ನೂರಕ್ಕೆ ಎಂಟರಷ್ಟು ತೇವ ಹಿಡಿದುಕೊಂಡಿರುತ್ತದೆ, ಪಾಲಿಯೆಸ್ಟರ್ ನೂರಕ್ಕೆ ಒಂದರಷ್ಟೂ ಹಿಡಿಯುವುದಿಲ್ಲ. ಹಾಗಾಗಿ ಕಾಟನ್ ಬೆವರು ಕುಡಿದು ಭಾರವಾಗಿ ಮೈಗೆ ಅಂಟುತ್ತದೆ, ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಕಂಪನಿಯವರು ಹೇಳುವುದು ಇಷ್ಟು, ಇದು ಸುಳ್ಳಲ್ಲ. ಆದರೆ ಬಟ್ಟೆ ಒಣಗಬೇಕಾದರೆ ಬೆವರು ಗಾಳಿಗೆ ಹೋಗಬೇಕು. ನಮ್ಮ ಕರಾವಳಿಯ ಗಾಳಿ ಮೊದಲೇ ನೀರು ತುಂಬಿಕೊಂಡಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸುಮ್ಮನೆ ನಿಂತರೂ ಬೆವರು ಇಳಿಯುತ್ತದೆ, ಆರುವುದಿಲ್ಲ. ಅಂಥ ದಿನ ಡ್ರೈಫಿಟ್ ಕೂಡ ಮೈಗೆ ಅಂಟಿಯೇ ಇರುತ್ತದೆ. ಅದರ ಮೇಲೆ ಎದೆಯಗಲ ರಬ್ಬರ್ ಪ್ರಿಂಟಿನ ಸೂರ್ಯ ಬಂದರೆ ಕೇಳುವುದೇ ಬೇಡ, ಆ ಜಾಗದಲ್ಲಿ ಗಾಳಿಯೇ ಆಡುವುದಿಲ್ಲ. ಪಾಲಿಯೆಸ್ಟರಿಗೆ ಹಿಡಿದ ಬೆವರಿನ ವಾಸನೆ ಸುಲಭಕ್ಕೆ ಬಿಡುವುದೂ ಇಲ್ಲ. ಮನೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿ.

ಇಲ್ಲಿ ಸಡಿಲವಾದ, ತೆಳು ನೇಯ್ಗೆಯ ಕಾಟನ್ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಬಟ್ಟೆಗೂ ಮೈಗೂ ನಡುವೆ ಗಾಳಿ ಹೋಗಿ ಬರಲು ಜಾಗ ಇದ್ದರೆ ಸಾಕು. ಮುಂಜಾನೆ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುವ ತಂಗಾಳಿ ನಮ್ಮ ಬೆನ್ನಿಗೇ ತಾಗುತ್ತದೆ. ಹೊತ್ತೇರಿದ ಮೇಲೆ ಗಾಳಿ ತಿರುಗುತ್ತದೆ. ಆ ಬೆಳಗಿನ ಗಾಳಿಯ ಸುಖ ಬಿಗಿ ಅಂಗಿಯವರಿಗೆ ಸಿಗುವುದಿಲ್ಲ. ಮಾಸ್ತರ್ರ ಹಳೇ ಬನಿಯನ್ನಿಗೆ ಸಿಗುತ್ತದೆ.

ಬಟ್ಟೆಗಿಂತ ಮುಖ್ಯವಾದದ್ದು ಕಟಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ತಿಳಿದಿದ್ದಾರೆ. ‘ಕೈ ಎತ್ತಲು ಅನುಕೂಲ ಆಗಲಿ, ಬಗಲು ದೊಡ್ಡದಿಡಿ’ ಅನ್ನುತ್ತಾರೆ. ಬಗಲು, ಅಂದರೆ ಅಂಗಿಗೆ ತೋಳು ಕೂಡುವ ಸುತ್ತು, ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಅಂಗಿ ತೋಳಿನ ಜೊತೆಗೆ ಮೇಲೆ ಹೋಗುತ್ತದೆ. ಸೂರ್ಯ ನಮಸ್ಕಾರದಲ್ಲಿ ಎರಡೂ ಕೈ ತಲೆಯ ಮೇಲೆ ಎತ್ತಿ ಹಿಂದಕ್ಕೆ ಬಾಗುತ್ತೇವಲ್ಲ, ಆಗ ಹೊಟ್ಟೆ, ಬೆನ್ನು ಕಾಣುವುದು ಇದರಿಂದ. ಎಷ್ಟೋ ಹೆಂಗಸರು ಒಂದು ಕೈಯಲ್ಲಿ ಅಂಗಿ ಹಿಡಿದುಕೊಂಡು ಇನ್ನೊಂದು ಕೈ ಎತ್ತುತ್ತಾರೆ. ಬಗಲಿನ ಕತ್ತರಿ ಕಂಕುಳಿಗೆ ಹತ್ತಿರ ಬಂದು, ತೋಳು ಮಾತ್ರ ಅಗಲ ಇದ್ದರೆ ಕೈ ಒಂದೇ ಮೇಲೆ ಹೋಗುತ್ತದೆ, ಅಂಗಿ ಇದ್ದಲ್ಲೇ ಇರುತ್ತದೆ. ಇನ್ನೂ ಸಾಲದಿದ್ದರೆ ಕಂಕುಳಲ್ಲಿ ಅಂಗೈಯಗಲದ ಚೌಕದ ತುಂಡೊಂದನ್ನು ಮೂಲೆಗೆ ತಿರುಗಿಸಿ ಕೂರಿಸಬೇಕು. ಹಳೆಯ ಕಾಲದ ಕುಪ್ಪಸ, ನಿಲುವಂಗಿಗಳಿಗೆ ಹೀಗೆ ತುಂಡು ಇಡುತ್ತಿದ್ದರು. ಪೈಜಾಮಕ್ಕೂ ಹಾಗೇ, ಎರಡು ಕಾಲು ಕೂಡುವಲ್ಲಿ ಒಂದು ತುಂಡು ಇದ್ದರೆ ಕಾಲು ಎಷ್ಟು ಹಿಂದೆ ಚಾಚಿದರೂ ಹೊಲಿಗೆ ಬಿಡುವುದಿಲ್ಲ. ನಮ್ಮ ಮಾಸ್ತರ್ರ ಪೈಜಾಮಕ್ಕೆ ಅದು ಇದೆ. ನೇವಿ ಅಣ್ಣನ ಚಡ್ಡಿಗೆ ಇಲ್ಲ. ಅದಕ್ಕೇ ಅವರು ಬಗ್ಗುವಾಗ ಮೊಣಕಾಲು ಮಡಿಸುತ್ತಾರೆ, ನಾವು ಮಡಿಸಿದರೆ ಮಾತ್ರ ಬೈಯುತ್ತಾರೆ. ಇದನ್ನು ಎಲ್ಲರೆದುರು ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, “ನಾಳೆ ಚಡ್ಡಿ ಅಂಗಡಿಗೆ ಕಳಿಸ್ತೆ” ಅಂದರು.

ರೆಡಿಮೇಡ್ ತೆಗೆದುಕೊಳ್ಳುವವರಿಗೂ ಒಂದು ಮಾತು. ಕನ್ನಡಿ ಮುಂದೆ ನೇರ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡೂ ಕೈ ಮೇಲೆತ್ತಿ, ಆಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕುರ್ತಾದ ಸೈಡ್ ಓಪನ್ ಸೊಂಟದ ಎಲುಬಿನ ಹತ್ತಿರ ಶುರುವಾಗಬೇಕು, ಅದಕ್ಕಿಂತ ಕೆಳಗಿದ್ದರೆ ಹೆಜ್ಜೆ ಅಗಲ ಬರುವುದಿಲ್ಲ. ವೇಲ್ ಬೇಕಾದರೆ ಹಾಕಿ, ಆದರೆ ಎದೆಗೆ ಅಡ್ಡ ತಂದು ಸೊಂಟದ ಬದಿಗೆ ಗಂಟು ಹಾಕಿ. ಸ್ಕೂಟರಲ್ಲಿ ಬರುವವರಂತೂ ಗಂಟು ಹಾಕಲೇಬೇಕು, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ.

ಸೀರೆಯಲ್ಲಿ ವ್ಯಾಯಾಮ ಮಾಡಲಾಗುವುದಿಲ್ಲ ಅನ್ನುವವರ ಜೊತೆ ನನ್ನದು ದೊಡ್ಡ ಜಗಳ. ಸೀರೆಯನ್ನು ಹೇಗೆ ಉಡುತ್ತೇವೆ ಎಂಬುದರ ಮೇಲೆ ಅದು ಇರುತ್ತದೆ. ನಮ್ಮ ಕರಾವಳಿಯ ಮೀನುಗಾರರಲ್ಲಿ ಹಳೆಯ ಹೆಂಗಸರು ಕಚ್ಚೆ ಹಾಕಿ ಉಟ್ಟು ತಲೆಯ ಮೇಲೆ ಬುಟ್ಟಿ ಹೊತ್ತು ಮೈಲುಗಟ್ಟಲೆ ನಡೆದವರು. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ಸೀರೆಯನ್ನು ಭುಜದ ಮೇಲೆ ಗಂಟು ಹಾಕಿ, ಕೊರಳ ತುಂಬ ಮಣಿಸರ ಹಾಕಿ ಗದ್ದೆ ನೆಟ್ಟಿ ಮಾಡುತ್ತಾರೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ. ಸಾವಿರಾರು ಸಸಿ ಬೆಳೆಸಿದ ಅವರು ಅದಕ್ಕಾಗಿ ಬಗ್ಗಿ ಎದ್ದದ್ದೂ ಅದೇ ಉಡುಗೆಯಲ್ಲಿ. 2024ರ ಡಿಸೆಂಬರಿನಲ್ಲಿ ಅವರು ತೀರಿಹೋದಾಗ ನಮ್ಮ ಗುಂಪಿನಲ್ಲೂ ಆ ದಿನ ಅವರದೇ ಮಾತಾಗಿತ್ತು.

ಇನ್ನೊಂದು ವಿಷಯ ಹೇಳಬೇಕು, ಇದು ನನಗೆ ತುಂಬ ಇಷ್ಟದ್ದು. ನಮ್ಮ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು ಬಂದದ್ದು ಅವರು 1880ರ ದಶಕದ ಆರಂಭದಲ್ಲಿ ಇಲ್ಲಿ ಬಂದು ಉಳಿದಿದ್ದರಿಂದ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಎಲ್ಲರೂ ಹೇಳುವುದು ಇಷ್ಟನ್ನೇ. ಸತ್ಯೇಂದ್ರನಾಥರ ಹೆಂಡತಿ ಜ್ಞಾನದಾನಂದಿನಿ ದೇವಿಯವರ ಮಾತು ಯಾರೂ ಎತ್ತುವುದಿಲ್ಲ. ಬಂಗಾಳದ ಹೆಂಗಸರು ಆ ಕಾಲದಲ್ಲಿ ಉಡುತ್ತಿದ್ದ ಸೀರೆ ಮನೆಯೊಳಗಿಗೆ ಮಾತ್ರ ಸರಿ ಎಂಬಂತಿತ್ತು. ಜ್ಞಾನದಾನಂದಿನಿಯವರು ಮುಂಬೈಯಲ್ಲಿ ಪಾರ್ಸಿ ಹೆಂಗಸರು ಉಡುವ ರೀತಿ ನೋಡಿ, ಒಳಲಂಗ, ರವಿಕೆ, ಎಡಭುಜದ ಮೇಲೆ ಸೆರಗು ಹೀಗೆ ಹೊರಗೆ ಓಡಾಡಲು ಅನುಕೂಲವಾದ ಉಡುವಿಕೆಯನ್ನು ಬಂಗಾಳಕ್ಕೆ ಒಯ್ದರು, ಕಲಿಯಬೇಕಾದವರಿಗೆ ಕಲಿಸಿದರು. ಹೆಂಗಸು ಮನೆಯಿಂದ ಹೊರಗೆ ಬರಬೇಕಾದರೆ ಬಟ್ಟೆ ಅಡ್ಡಿ ಆಗಬಾರದು ಎಂದು ಯೋಚಿಸಿದವರು ಅವರು. ಟ್ಯಾಗೋರರ ಹೆಸರಿನ ಬೀಚಿನಲ್ಲಿ ನಿಂತು ನಾವು ‘ಈ ಬಟ್ಟೆ ಇದ್ದರೆ ಮಾತ್ರ ಬಾ’ ಅಂದರೆ ಚಂದವೇ? ಇದನ್ನು ನಾನು ಚಹಾ ಕುಡಿಯುವಾಗ ಹೇಳಿದೆ. ಬಾಯೋರು ಲೋಟ ಕೆಳಗಿಟ್ಟು, “ಇದನ್ನು ಶಾಲೆಯಲ್ಲಿ ನಾನು ಕಲಿಸ್ಬೇಕಾಗಿತ್ತು” ಅಂದರು.

ಕಾಲಿನ ವಿಷಯದಲ್ಲಿ ಮಾತ್ರ ನಾನು ಮೀನಕ್ಕನ ವಿರುದ್ಧ. ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಡೆಯುವುದು ಸುಖ, ಎರಡು ಮಾತಿಲ್ಲ. ದಡದಲ್ಲಿ ನಿಂತು ಏಂಡಿ ಬಲೆ ಎಳೆಯುವ ಮೀನುಗಾರರು ದಿನಾ ಬರಿಗಾಲಲ್ಲೇ ಇರುತ್ತಾರೆ. ಆದರೆ ಸಕ್ಕರೆ ಕಾಯಿಲೆಯ ಎಷ್ಟೋ ಜನರಿಗೆ ಪಾದದ ಸ್ಪರ್ಶ ಕಡಿಮೆಯಾಗುತ್ತಾ ಬರುತ್ತದೆ, ಗಾಜಿನ ಚೂರು, ಚಿಪ್ಪು ಚುಚ್ಚಿದರೆ ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಮಾಯುವುದೂ ಇಲ್ಲ. ವಾರದ ಕೊನೆಗೆ ಬಂದವರು ಬಿಟ್ಟುಹೋದ ಬಾಟಲಿ ಚೂರು ಬೀಚಿನಲ್ಲಿ ಇದ್ದೇ ಇರುತ್ತದೆ. ಇದನ್ನೆಲ್ಲ ಹೇಳಿದರೆ ಅವಳು, “ಶೂ ಹಾಕಿದ್ರೆ ನೆಲ ಯಾವ ಕಡೆ ಇದೆ ಅಂತ್ಲೇ ಗೊತ್ತಾಗೂದಿಲ್ಲ ಬಾಯಿ” ಅಂತಾಳೆ. ಬ್ಯಾಂಕಿನ ಹುಡುಗಿ ಹಿಮ್ಮಡಿಗೆ ಪಟ್ಟಿ ಇರುವ, ತೊಳೆದರೆ ಒಣಗುವ ರಬ್ಬರ್ ಚಪ್ಪಲಿ ತಂದುಕೊಟ್ಟಿದ್ದಾಳೆ. “ಇದು ಶೂ ಅಲ್ಲ ಅಕ್ಕ, ಅರ್ಧ ಶೂ” ಎಂದು ಒಪ್ಪಿಸಿದ್ದಾಳೆ. ಸದ್ಯಕ್ಕೆ ಮೀನಕ್ಕ ಮರಳಿನವರೆಗೆ ಹಾಕಿಕೊಂಡು ಬಂದು, ಮರಳಿನಲ್ಲಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಮರಳಿನಲ್ಲೂ ಅದು ಕಾಲಲ್ಲೇ ಇರಬೇಕು. ದಿನಾ ಹೇಳುತ್ತಿದ್ದೇನೆ, ಹೇಳುವುದನ್ನು ಬಿಡುವುದಿಲ್ಲ.

ಮಳೆಗಾಲದ ಲೆಕ್ಕ ಬೇರೆ. ಯೋಗ ದಿನ ಶುರುವಾದದ್ದು 2015ರಲ್ಲಿ. ತಾರೀಕು ಇಟ್ಟವರಿಗೆ ಕಾರವಾರದ ಜೂನ್ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಆ ಹೊತ್ತಿಗೆ ಮಳೆ ಹಿಡಿದು, ಸಮುದ್ರ ಕೆಂಪಾಗಿ, ಬೀಚಿನ ಅರ್ಧ ನೀರಿನಲ್ಲಿ ಇರುತ್ತದೆ. ನಾವು ದೇವಸ್ಥಾನದ ಸಭಾಭವನಕ್ಕೆ ಹೋಗುತ್ತೇವೆ. ಒಗೆದ ಬಟ್ಟೆ ಎರಡು ದಿನ ಹಗ್ಗದ ಮೇಲಿದ್ದರೂ ತಣ್ಣಗೇ ಇರುತ್ತದೆ, ದಪ್ಪ ಹೊಸಿಯರಿಗೆ ಬೂಷ್ಟು ಹಿಡಿಯುತ್ತದೆ. ಆಗ ಮಾತ್ರ ನಾನು ಡ್ರೈಫಿಟ್ಟಿನ ಪರ. ಇದ್ದವರು ಅದನ್ನೇ ಹಾಕಿ, ರಾತ್ರಿ ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ಮೀನುಗಾರಿಕೆ ನಿಷೇಧದ ಜೂನ್, ಜುಲೈಯಲ್ಲಿ ಮೀನಕ್ಕನಿಗೂ ಬಂದರಿಗೆ ಓಡುವ ಅವಸರ ಇಲ್ಲ, ಒಣಮೀನು ಮಾರುತ್ತಾಳೆ. ಆಗ ಪೂರ್ತಿ ಒಂದು ತಾಸು ನಿಲ್ಲುತ್ತಾಳೆ.

ನೇವಿ ಅಣ್ಣನ ಮಾತಿನಲ್ಲಿ ಸರಿ ಇದ್ದದ್ದು ಒಂದಿತ್ತು. “ಕತ್ತಲಲ್ಲಿ ಹೈವೇ ದಾಟಿ ಬರುವವರು ಕಾಣಬೇಕಲ್ಲ” ಅಂದರು. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಬೀಚಿನ ಪಕ್ಕದಲ್ಲೇ ಹೋಗುತ್ತದೆ, ಬೆಳಗಿನ ಜಾವ ಗೋವಾ ಕಡೆಯ ಲಾರಿಗಳು ಜೋರಾಗಿ ಬರುತ್ತವೆ. ಕಪ್ಪು, ಗಾಢ ನೀಲಿ ಹಾಕಿದವರು ಡ್ರೈವರಿಗೆ ಕಾಣುವುದೇ ಇಲ್ಲ. ಇದಕ್ಕೆ ನಾನು ಪೂರ್ತಿ ಒಪ್ಪಿದೆ. ಹಾಗಾಗಿ ಕೊನೆಗೆ ನಿಂತ ತೀರ್ಮಾನ ಹೀಗೆ: ಟೀ ಶರ್ಟ್ ಇಲ್ಲ. ಯಾರ ಬಟ್ಟೆ ಅವರದು. ಆದರೆ ಯೋಗ ದಿನ ಎಲ್ಲರೂ ತಿಳಿ ಬಣ್ಣ, ಮತ್ತು ದಿನಾ ಬರುವ ಬಟ್ಟೆಗೆ ಬೆನ್ನಿನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ. ಸೀರೆಯವರಿಗೆ ಭುಜದ ಮೇಲೆ ಪಿನ್ ಹಾಕುವಂಥ ತುಂಡು. ಪಟ್ಟಿ ನಾನು ತರಿಸುತ್ತೇನೆ, ಹೊಲಿದು ಕೊಡುವುದಕ್ಕೆ ದುಡ್ಡು ಬೇಡ.

ತಿಳಿ ಬಣ್ಣ ಅಂದರೆ ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬ್ಯಾಂಕಿನ ಹುಡುಗಿ ತನ್ನ ಗುಲಾಬಿ ತಿಳಿಯೇ ಅನ್ನುತ್ತಾಳೆ, ಬಾಯೋರು ಅದು ಕೆಂಪು ಅನ್ನುತ್ತಾರೆ. ಮಾಸ್ತರ್ರ ಬನಿಯನ್ ಬಿಳಿಯೋ ಹಳದಿಯೋ ಎಂಬುದಕ್ಕೆ ಪ್ರತ್ಯೇಕ ಚರ್ಚೆ ನಡೆದಿದೆ. ಅದು ನಡೆಯಲಿ. ಗುಂಪಿನವರಿಗೆ ನನ್ನ ವಿನಂತಿ ಬೇರೆ: ಬಗಲಿಗೆ, ಪೈಜಾಮಕ್ಕೆ ತುಂಡು ಕೂರಿಸಬೇಕಾದವರು, ಸೈಡ್ ಓಪನ್ ಎತ್ತಬೇಕಾದವರು ಮೇ ತಿಂಗಳ ಮಧ್ಯದೊಳಗೆ ತಂದುಕೊಡಿ. ಆಮೇಲೆ ಶಾಲೆ ಶುರುವಾಗುವ ಹೊತ್ತಿನ ಯೂನಿಫಾರಂಗಳು ರಾಶಿ ಬೀಳುತ್ತವೆ, ಮಕ್ಕಳ ಬಟ್ಟೆ ಬದಿಗಿಟ್ಟು ನಿಮ್ಮದು ಹಿಡಿಯಲು ಆಗುವುದಿಲ್ಲ. ತರುವ ಮುಂಚೆ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ ತನ್ನಿ, ಹೊಸ ಕಾಟನ್ ಆಮೇಲೆ ಕುಗ್ಗುತ್ತದೆ. ನೇವಿ ಅಣ್ಣನ ಚಡ್ಡಿ ಬಂದಿದೆ, ಶನಿವಾರ ಸಿಗುತ್ತದೆ.